ಕೂಡದು

ಕನ್ನಡದ ‘ಕೂಡದು’ ಎಂಬ ಪದಕ್ಕೆ ಎರಡು ಮುಖಗಳಿವೆ. ಕೂಡು ಎಂದರೆ ಸೇರು, ಒಂದಾಗು. ‘ಕಾಲ ಕೂಡಿ ಬಂತು’ ಎನ್ನುವಾಗ ಅದೇ ಪದ ಸಾಧ್ಯವಾಗುವುದು ಎಂಬ ಅರ್ಥಕ್ಕೆ ಹೊರಳುತ್ತದೆ. ಅದರ ನಿಷೇಧರೂಪ ಮಾತ್ರ ಈಗ ನಮ್ಮ ಕಿವಿಗೆ ಅಪ್ಪಣೆಯಾಗಿಯೇ ಬೀಳುತ್ತದೆ: ಒಳಗೆ ಬರಕೂಡದು, ಮುಟ್ಟಕೂಡದು, ಎದುರು ಮಾತಾಡಕೂಡದು. ‘ಸೇರಲಾರದು’ ಎಂದು ಇದ್ದದ್ದನ್ನು ಇದ್ದಂತೆ ಹೇಳಬಹುದಾಗಿದ್ದ ಮಾತು ‘ಸೇರಬಾರದು’ ಎಂದು ಕಟ್ಟಳೆ ಮಾಡುವ ಮಾತಾಗಿದೆ. ಒಂದರಿಂದ ಇನ್ನೊಂದಕ್ಕೆ ಜಾರುವುದು ಎಷ್ಟು ಸಲೀಸೆಂದರೆ, ಆಡುವವರಿಗೂ ಕೇಳುವವರಿಗೂ ಯಾವಾಗ ಜಾರಿದೆವು ಎಂಬುದು ತಿಳಿಯುವುದೇ ಇಲ್ಲ.

ಈ ಪದ ನನ್ನ ತಲೆಗೆ ಹತ್ತಿಕೊಂಡಿದ್ದು ವ್ಯಾಕರಣದ ಪುಸ್ತಕದಿಂದಲ್ಲ. ನಾನು ಪ್ರೋಟೀನುಗಳ ರಚನೆಯ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ದಿನವೂ ತೆರೆದಿರುವ ಒಂದು ಚೌಕಾಕಾರದ ನಕ್ಷೆಯಿದೆ. ಅದರಲ್ಲಿ ಎರಡು ಮೂರು ಬಣ್ಣದ ದ್ವೀಪಗಳು, ಸುತ್ತ ಬಿಳಿ ಬಯಲು. ದ್ವೀಪಗಳು ‘ಅನುಮತಿತ’ ಪ್ರದೇಶ, ಬಯಲು ‘ನಿಷಿದ್ಧ’. ಜಗತ್ತಿನ ಯಾವ ಜೀವರಸಾಯನಶಾಸ್ತ್ರದ ಪಠ್ಯ ತೆರೆದರೂ ಸಿಗುವ ಈ ನಕ್ಷೆಗೆ ರಾಮಚಂದ್ರನ್ ನಕ್ಷೆ ಎಂದು ಹೆಸರು. ಅನುಮತಿ, ನಿಷೇಧ ಎಂಬ ಮಾತುಗಳನ್ನು ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಅಣುವಿಗೆ ಯಾರ ಅನುಮತಿ ಬೇಕು? ಯಲಬುರ್ಗಾದಲ್ಲಿ ಬೆಳೆದವಳಿಗೆ ನಿಷಿದ್ಧ ಎಂದ ಕೂಡಲೇ ಕಟ್ಟೆಯ ಮೇಲೆ ಕೂತ ಹಿರಿಯರ ಮುಖಗಳು ಕಣ್ಣ ಮುಂದೆ ಬರುತ್ತವೆ, ಪರಮಾಣುಗಳಲ್ಲ.

ನಕ್ಷೆ ಹೇಳುವುದೇನೆಂದು ಮೊದಲು ನೋಡೋಣ. ಪ್ರೋಟೀನ್ ಎಂದರೆ ಒಂದು ಸರ, ಅದರ ಮಣಿಗಳು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು. ಮಣಿಗೂ ಮಣಿಗೂ ನಡುವಿನ ಪೆಪ್ಟೈಡ್ ಬೆಸುಗೆ ಚಪ್ಪಟೆ ಹಲಗೆಯಂತೆ ಬಿಗಿಯಾದದ್ದು, ತಿರುಚಿದರೆ ತಿರುಗದು. ತಿರುಗುವುದೇನಿದ್ದರೂ ಪ್ರತಿ ಮಣಿಯ ನಡುವಿನ ಇಂಗಾಲದ ಅತ್ತ ಇತ್ತ ಇರುವ ಎರಡು ಕೀಲುಗಳಲ್ಲಿ. ಆ ಎರಡು ತಿರುವುಗಳಿಗೆ ಫೈ ಮತ್ತು ಸೈ ಎಂದು ಹೆಸರು. ಇಡೀ ಸರದ ಆಕಾರ ಬಹುಮಟ್ಟಿಗೆ ಈ ಎರಡು ಕೋನಗಳಲ್ಲೇ ಅಡಗಿದೆ.

ಇಲ್ಲಿ ಒಂದು ಚೆಂದದ ರೇಖಾಗಣಿತವಿದೆ. ಪ್ರತಿ ಮಣಿಯಲ್ಲೂ ಅದೇ ಫೈ, ಅದೇ ಸೈ ಇಟ್ಟುಕೊಂಡು ಹೋದರೆ ಸರ ಏನಾಗುತ್ತದೆ? ಸುರುಳಿಯಾಗುತ್ತದೆ. ಪ್ರತಿ ಹೆಜ್ಜೆಗೂ ಅಷ್ಟೇ ಏರು, ಅಷ್ಟೇ ತಿರುಗು ಎಂದರೆ ವಿಜಯಪುರದ ಗೋಳಗುಮ್ಮಟದ ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿದಂತೆ. ಶಾಲೆಯ ಪ್ರವಾಸದಲ್ಲಿ ಹತ್ತಿದವರಿಗೆಲ್ಲ ಗೊತ್ತು, ಕಾಲು ಮಾಡುವುದು ಒಂದೇ ಕೆಲಸ, ದೇಹ ಮಾತ್ರ ಸುತ್ತುತ್ತ ಮೇಲೇರುತ್ತದೆ. ಯಾವ ಸರವೂ ‘ನಾನು ಸುರುಳಿಯಾಗಬೇಕು’ ಎಂದು ಹೊರಡಬೇಕಿಲ್ಲ. ಒಂದೇ ಸಣ್ಣ ತಿರುವನ್ನು ತಪ್ಪದೆ ಮಾಡುತ್ತ ಹೋದರೆ ಸಾಕು. ನೇರ ಗೆರೆ, ವೃತ್ತ ಇವೆರಡೂ ಸುರುಳಿಯ ವಿಶೇಷ ಸಂದರ್ಭಗಳಷ್ಟೇ: ತಿರುವಿಲ್ಲದ ಸುರುಳಿ ಗೆರೆ, ಏರಿಲ್ಲದ ಸುರುಳಿ ವೃತ್ತ.

ಹಾಗಾದರೆ ಯಾವ ಸುರುಳಿ? 1948ರ ವಸಂತದಲ್ಲಿ ಆಕ್ಸ್‌ಫರ್ಡ್‌ನಲ್ಲಿ ನೆಗಡಿಯಿಂದ ಹಾಸಿಗೆ ಹಿಡಿದಿದ್ದ ಲೈನಸ್ ಪೌಲಿಂಗ್ ಒಂದು ಕಾಗದದ ಮೇಲೆ ಸರವನ್ನು ಬರೆದು, ಮಡಿಚಿ, ಸುತ್ತಿ ನೋಡಿದ ಕಥೆ ಪ್ರಸಿದ್ಧವಾದದ್ದು. ಅಲ್ಲಿ ಹುಟ್ಟಿದ ಆಲ್ಫಾ ಸುರುಳಿಯನ್ನು ಅವನು, ರಾಬರ್ಟ್ ಕೋರಿ ಮತ್ತು ಹರ್ಮನ್ ಬ್ರಾನ್ಸನ್ 1951ರಲ್ಲಿ ಪ್ರಕಟಿಸಿದರು. ಒಂದು ಸುತ್ತಿಗೆ 3.6 ಮಣಿಗಳು, ಮಣಿಗೆ 1.5 ಆಂಗ್‌ಸ್ಟ್ರಾಮ್ ಏರು, ಸುತ್ತಿಗೆ 5.4. (ಒಂದು ಆಂಗ್‌ಸ್ಟ್ರಾಮ್ ಎಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯ ಒಂದು ಪಾಲು.) ಪ್ರತಿ ಮಣಿಯ ಆಮ್ಲಜನಕ ನಾಲ್ಕು ಮಣಿ ಮುಂದಿನ ಸಾರಜನಕದ ಜಲಜನಕಕ್ಕೆ ಕೈ ಚಾಚುತ್ತದೆ, ಸುರುಳಿ ಗಟ್ಟಿಯಾಗುತ್ತದೆ.

ನನಗೆ ಇಲ್ಲಿ ಇಷ್ಟವಾಗುವುದು ಆ 3.6. ಒಂದು ವರ್ಷ ಮೊದಲು, 1950ರಲ್ಲಿ, ಕೇಂಬ್ರಿಜ್‌ನ ಬ್ರಾಗ್, ಕೆಂಡ್ರೂ, ಪೆರುಟ್ಸ್ ಮೂವರೂ ಇದೇ ಹುಡುಕಾಟ ನಡೆಸಿ ಸುರುಳಿಗಳ ಪಟ್ಟಿಯನ್ನೇ ಕೊಟ್ಟಿದ್ದರು. ಸರಿಯಾದ ಸುರುಳಿ ಅದರಲ್ಲಿ ಇರಲಿಲ್ಲ. ಹರಳುಗಳ ಲೋಕದಲ್ಲಿ ಪಳಗಿದ ಅವರು ಸುತ್ತಿಗೆ ಇಂತಿಷ್ಟು ಎಂಬ ಪೂರ್ಣಸಂಖ್ಯೆಯೇ ಇರಬೇಕೆಂದು ಹಿಡಿದುಕೊಂಡು ಹೋಗಿದ್ದರು. ಬೆಸುಗೆ ಚಪ್ಪಟೆಯಾಗಿಯೇ ಇರಬೇಕೆಂಬುದನ್ನು ಮಾತ್ರ ಬಿಗಿಯಾಗಿ ಹಿಡಿಯಲಿಲ್ಲ. ಪೌಲಿಂಗ್ ಮಾಡಿದ್ದು ಇದರ ತಿರುವುಮುರುವು: ಚಪ್ಪಟೆತನ ಬಿಡಲಿಲ್ಲ, ಪೂರ್ಣಸಂಖ್ಯೆ ಬಿಟ್ಟ. ಅಂದರೆ ಯಾವ ‘ಆಗದು’ ನಿಜವಾದ ಆಗದು, ಯಾವುದು ಬರೀ ರೂಢಿ ಎಂಬುದನ್ನು ಬೇರ್ಪಡಿಸಿದ. ಪೆರುಟ್ಸ್ ದೊಡ್ಡ ಮನುಷ್ಯ. ಪ್ರಬಂಧ ಓದಿದ ಕೂಡಲೇ ಕುದುರೆಯ ಕೂದಲನ್ನು ಎಕ್ಸ್‌-ರೇ ಕಿರಣಕ್ಕೆ ಹಿಡಿದು, ಆ 1.5 ಆಂಗ್‌ಸ್ಟ್ರಾಮಿನ ಗುರುತನ್ನು ತಾನೇ ಹುಡುಕಿ ತೋರಿಸಿದ.

ಈಗ ಮದ್ರಾಸಿಗೆ ಬರೋಣ. ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಎಂಜಿನಿಯರಿಂಗ್ ಓದಲು ಬಂದು, ಸಿ.ವಿ. ರಾಮನ್ ಅವರ ಕೈಗೆ ಸಿಕ್ಕಿ ಭೌತಶಾಸ್ತ್ರಕ್ಕೆ ಹೊರಳಿದವರು. 1952ರಲ್ಲಿ, ಇನ್ನೂ ಮೂವತ್ತರ ಹೊಸ್ತಿಲಲ್ಲಿ, ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಆ ದಿನಗಳಲ್ಲಿ ಅಲ್ಲಿಗೆ ಬಂದಿದ್ದ ಜೆ.ಡಿ. ಬರ್ನಾಲ್, ಕೊಲಾಜೆನ್ನಿನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲ ಎಂದ ಮಾತು ಅವರನ್ನು ಹಿಡಿಯಿತು. ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್‌-ರೇ ಚಿತ್ರ ತೆಗೆದು, ಗೋಪಿನಾಥ್ ಕರ್ತಾ ಅವರೊಂದಿಗೆ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಮೂರೆಳೆಯ ಮಾದರಿಯೊಂದನ್ನು ಮುಂದಿಟ್ಟರು. ಮರುವರ್ಷ ಅದನ್ನು ತಿದ್ದಿ, ಮೂರೂ ಎಳೆಗಳು ಒಂದರ ಸುತ್ತ ಒಂದು ಹೊಸೆದುಕೊಂಡಿವೆ ಎಂದರು.

ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರಹುಣ್ಣಿಮೆ ಹತ್ತಿರ ಬಂದಂತೆ ನಮ್ಮ ಕಡೆ ಎತ್ತುಗಳಿಗೆ ಹೊಸ ಹಗ್ಗ, ಮೂಗುದಾರ ಆಗಬೇಕು. ಈಗ ಅಂಗಡಿಯ ನೈಲಾನ್ ಬಂದಿದೆ. ಅಜ್ಜ ಇರುವಾಗ ಪುಂಡಿ ನಾರಿನದು. ಒಂದೊಂದು ಎಳೆಯನ್ನು ಒಂದು ದಿಕ್ಕಿಗೆ ಹುರಿ ಮಾಡಿ, ಮೂರನ್ನೂ ಸೇರಿಸುವಾಗ ಎದುರು ದಿಕ್ಕಿಗೆ ಹೊಸೆಯುತ್ತಾರೆ. ಎಳೆಯ ಹುರಿ ಬಿಚ್ಚಿಕೊಳ್ಳಲು ನೋಡಿದರೆ ಹಗ್ಗದ ಹೊಸೆತ ಇನ್ನಷ್ಟು ಬಿಗಿಯುತ್ತದೆ, ಹಗ್ಗ ಬಿಚ್ಚಲು ನೋಡಿದರೆ ಎಳೆ ಬಿಗಿಯುತ್ತದೆ. ಕೊಲಾಜೆನ್ನಿನಲ್ಲೂ ಹಾಗೆಯೇ: ಪ್ರತಿ ಎಳೆಯೂ ಎಡಸುರುಳಿ, ಮೂರೂ ಸೇರಿದ ಹಗ್ಗ ಬಲಸುರುಳಿ. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿಟ್ಟಿರುವುದು ಈ ಹಗ್ಗ.

ಆದರೆ 1955ರ ಮಾದರಿಯ ಮೇಲೆ ಆ ವರ್ಷವೇ ಆಕ್ಷೇಪ ಬಂತು. ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮದೇ ಮೂರೆಳೆಯ ಮಾದರಿ ಕೊಟ್ಟು, ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಲಾಗದಷ್ಟು ಹತ್ತಿರ ಬಂದಿವೆ ಎಂದರು. ಮೂರು ಮಣಿಗೆ ಎರಡು ಜಲಜನಕದ ಕೊಂಡಿ ಎಂದು ಮದ್ರಾಸ್, ಒಂದೇ ಎಂದು ಕೇಂಬ್ರಿಜ್. ಜಗಳದ ತಿರುಳು ಇದು: ಇಷ್ಟು ಹತ್ತಿರ ಕೂಡದು.

ಇಂಥ ಮಾತಿಗೆ ಮನುಷ್ಯರು ಸಾಮಾನ್ಯವಾಗಿ ಎರಡೇ ಉತ್ತರ ಕೊಡುತ್ತಾರೆ. ತಲೆಬಾಗಿ ಸುಮ್ಮನಾಗುವುದು, ಇಲ್ಲವೆ ‘ಯಾಕೆ ಕೂಡದು?’ ಎಂದು ಸೆಟೆದು ನಿಲ್ಲುವುದು. ರಾಮಚಂದ್ರನ್ ಹಿಡಿದದ್ದು ಮೂರನೆಯ ದಾರಿ, ಬೇಸರ ತರಿಸುವಷ್ಟು ದುಡಿಮೆಯ ದಾರಿ. ಎಷ್ಟು ಹತ್ತಿರ ಬಂದರೆ ‘ತೀರಾ ಹತ್ತಿರ’? ಯಾರು ಅಳೆದಿದ್ದಾರೆ? ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಅವರೊಂದಿಗೆ ಕೂತು, ಅದುವರೆಗೆ ಬಗೆಹರಿದಿದ್ದ ಸಣ್ಣ ಅಣುಗಳ ಹರಳು ರಚನೆಗಳನ್ನು ಜಾಲಾಡಿ, ಯಾವ ಪರಮಾಣು ಯಾವುದಕ್ಕೆ ನಿಜವಾಗಿ ಎಷ್ಟು ಹತ್ತಿರ ಬಂದಿದೆ ಎಂದು ಪಟ್ಟಿ ಮಾಡಿದರು. ಜಲಜನಕಕ್ಕೂ ಜಲಜನಕಕ್ಕೂ ಸಾಮಾನ್ಯ ಮಿತಿ 2.0 ಆಂಗ್‌ಸ್ಟ್ರಾಮ್, ಕೊನೆಯ ಮಿತಿ 1.9. ಇಂಗಾಲಕ್ಕೂ ಆಮ್ಲಜನಕಕ್ಕೂ 2.8, ಕೊನೆಗೆ 2.7. ಪ್ರತಿ ಜೋಡಿಗೂ ಹೀಗೆ ಎರಡೆರಡು ಗೆರೆ: ಸಾಮಾನ್ಯವಾಗಿ ಇಲ್ಲಿಯವರೆಗೆ, ಒತ್ತಡ ಬಿದ್ದರೆ ಇಲ್ಲಿಯವರೆಗೂ. ಆಮೇಲೆ ಫೈ, ಸೈ ಕೋನಗಳನ್ನು ಒಂದೊಂದಾಗಿ ತಿರುಗಿಸುತ್ತ, ಮೇಜಿನ ಮೇಲಿನ ಲೆಕ್ಕದ ಯಂತ್ರದಲ್ಲಿ ಪ್ರತಿ ಅಂತರವನ್ನು ಲೆಕ್ಕ ಹಾಕಿ, ಎಲ್ಲಿ ಯಾವುದೂ ಯಾವುದಕ್ಕೂ ಡಿಕ್ಕಿಯಾಗುವುದಿಲ್ಲವೋ ಅಲ್ಲಿಗೆ ಬಣ್ಣ ಬಳಿದರು. 1963ರಲ್ಲಿ ಪ್ರಕಟವಾದ ಆ ನಕ್ಷೆಯೇ ಇಂದಿಗೂ ನಮ್ಮ ಕೈಯಲ್ಲಿರುವುದು. ಮುಕ್ಕಾಲಿಗೂ ಹೆಚ್ಚು ಭಾಗ ಬಿಳಿ. ಪೌಲಿಂಗನ ಆಲ್ಫಾ ಸುರುಳಿ ಫೈ −57, ಸೈ −47ರ ಹತ್ತಿರ, ದ್ವೀಪವೊಂದರ ಒಳಗೆ ಸುಖವಾಗಿ ಕೂತಿದೆ.

ಎರಡನೆಯ ಕೊಂಡಿಯ ವಿಷಯದಲ್ಲಿ ಕೊನೆಗೆ ಗೆದ್ದದ್ದು ಕೇಂಬ್ರಿಜ್‌ ಎಂದೇ ಹೇಳಬೇಕು. ಕೊಲಾಜೆನ್ನನ್ನು ಹೋಲುವ ಪೆಪ್ಟೈಡಿನ ಹರಳು ರಚನೆ 1994ರಲ್ಲಿ ಹೊರಬಂದಾಗ ಕಂಡದ್ದು ಒಂದೇ ನೇರ ಕೊಂಡಿ. ನಮ್ಮ ದೇಶದ ಲೇಖನಗಳು ಈ ಭಾಗವನ್ನು ನುಂಗಿಕೊಂಡು, ಅನ್ಯಾಯವಾಯಿತೆಂಬ ಧಾಟಿಯಲ್ಲೇ ಕಥೆ ಮುಗಿಸುವುದುಂಟು. ನನ್ನ ಮಟ್ಟಿಗೆ ನಕ್ಷೆಯೇ ಆ ಜಗಳದ ದೊಡ್ಡ ಫಲ. ವಾದದ ಒಂದು ಎಳೆ ಸೋತಿತು, ಆದರೆ ವಾದವನ್ನು ಅಳೆಯುವ ಕೋಲು ಮದ್ರಾಸಿನಿಂದ ಬಂತು.

ಇಲ್ಲಿಂದ ನನ್ನ ಪ್ರಶ್ನೆ. ನಕ್ಷೆಯ ಬಿಳಿ ಬಯಲು ‘ಆಗದು’ ಎಂಬ ಕೂಡದು. ಪರಮಾಣು ಅಲ್ಲಿಗೆ ಹೋದರೆ ಯಾರೂ ದಂಡ ಹಾಕುವುದಿಲ್ಲ, ಹೋಗಲು ಆಗುವುದಿಲ್ಲ ಅಷ್ಟೇ. ಊರಿನ ಕೂಡದು ಇದರ ವೇಷ ತೊಡುತ್ತದೆ. ನಮ್ಮ ಕಡೆ ‘ಮಾಡಬೇಡ’ ಎಂದು ನೇರ ಹೇಳುವವರು ಕಡಿಮೆ, ‘ಆಗೂದಿಲ್ಲ’ ಎನ್ನುತ್ತಾರೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡವ್ವ ರೊಟ್ಟಿ ಬಡಿಯುತ್ತ ಅಂದಳು: “ಹೆಣ್ಣಮಕ್ಕಳು ಇಷ್ಟ ವರ್ಷ ಓದಕೋಂತ ಕುಂದ್ರೂದು ನಮ್ಮಾಗ ಆಗೂದಿಲ್ಲವಾ.” ನನಗೆ ಇಪ್ಪತ್ತೆಂಟು. “ಆಗೂದಿಲ್ಲ ಅಂದ್ರ ಹೆಂಗ ದೊಡ್ಡವ್ವ, ಆಗೇ ಬಿಟ್ಟೈತಲ್ಲ?” ಎಂದೆ. ಅವಳು ರೊಟ್ಟಿ ತಿರುವಿ ಹಾಕಿ, “ಆಗೇತಿ. ಆಗಬಾರದಿತ್ತು” ಎಂದು ನಕ್ಕಳು. ನಾನು ಪುಟಗಟ್ಟಲೆ ಬರೆಯಬೇಕೆಂದಿದ್ದ ಭೇದವನ್ನು ಅವಳು ಎರಡು ಮಾತಿನಲ್ಲಿ ಮುಗಿಸಿದಳು.

ಎಲ್ಲ ಕೂಡದುಗಳೂ ಹೀಗೆ ನಗೆಯಲ್ಲಿ ಮುಗಿಯುವುದಿಲ್ಲ. ಕೊಲಾಜೆನ್ ಎಂದರೆ ತೊಗಲು. ಸತ್ತ ದನದ ಹಸಿ ತೊಗಲನ್ನು ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ತಂಗಡಿ ಚಕ್ಕೆಯ ನೀರಿನಲ್ಲಿ ಹದ ಮಾಡಿದಾಗ ಚಕ್ಕೆಯ ಒಗರು ಪದಾರ್ಥ ಆ ಮೂರೆಳೆಯ ಹಗ್ಗಗಳ ನಡುವೆ ಸೇರಿ ಅವನ್ನು ಒಂದಕ್ಕೊಂದು ಬಿಗಿಯುತ್ತದೆ. ತೊಗಲು ಕೊಳೆಯದ ಚರ್ಮವಾಗುತ್ತದೆ. ಎಲ್ಲಿಯವರೆಗೆ ನೆನೆಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಕೈಯಿಂದಲೇ ಬಲ್ಲವರು ಈ ನೆಲದ ಡೋಹರರು, ಸಮಗಾರರು, ಮಾದಿಗರು. ನೇಗಿಲಿನ ಮಿಣಿ, ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ, ಜಾತ್ರೆಯ ಹಲಗೆ, ಕಾಲಿನ ಚಪ್ಪಲಿ ಎಲ್ಲವೂ ಅವರಿಂದ. ಕೊಲಾಜೆನ್ನಿನ ಬಗ್ಗೆ ಊರಿನಲ್ಲಿ ಯಾರಿಗಾದರೂ ಏನಾದರೂ ಗೊತ್ತಿದ್ದರೆ ಅದು ಅವರಿಗೆ. ಆ ಕೈಗಳಿಗೇ ‘ಮುಟ್ಟಕೂಡದು’ ಎಂದದ್ದು ಊರು. ಅವರು ಹೊಲಿದ ಚೀಲದ ನೀರು ಹೊಲಕ್ಕೆ ಹರಿಯಬಹುದು, ಅವರು ಬಾವಿ ಹತ್ತಬಾರದು.

ಇದು ಹಳೆಯ ಮಾತೆಂದು ತಳ್ಳಿಬಿಡುವಂತಿಲ್ಲ. ನಮ್ಮದೇ ಜಿಲ್ಲೆಯ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರಿಗೆ ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶವಿರಲಿಲ್ಲ. 2014ರ ಆಗಸ್ಟ್‌ನಲ್ಲಿ ಅಲ್ಲಿ ದಲಿತರ ಮೇಲೆ ಹಲ್ಲೆಯಾಯಿತು, ಅವರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಆಮೇಲೆ ಹೈಕೋರ್ಟಿನ ಮೆಟ್ಟಿಲೇರಿತು. ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಮಾಡುವವರು ಮಾಡಲಿ. ನನ್ನನ್ನು ಕಾಡುವುದು ಬೇರೆ. ಒಂದು ಕುರ್ಚಿ, ಒಂದು ಕತ್ತರಿ, ಒಂದು ತಲೆ. ಇಲ್ಲಿ ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯುತ್ತದೆ? ಆಗದ್ದು ಏನೂ ಇಲ್ಲದ ಕಡೆ ‘ಆಗೂದಿಲ್ಲ’ ಎಂಬುದನ್ನು ನಿಲ್ಲಿಸಲು ಬೆಂಕಿಯೇ ಬೇಕಾಯಿತು. ನಿಜವಾದ ಅಸಾಧ್ಯಕ್ಕೆ ಕಾವಲುಗಾರರು ಬೇಕಾಗುವುದಿಲ್ಲ.

ಇಷ್ಟು ಬರೆದು ಪ್ರಯೋಗಾಲಯದ ಗೆಳೆಯನೊಬ್ಬನಿಗೆ ತೋರಿಸಿದೆ. ಅವನು ಓದಿ, “ಅಣುಗಳಿಂದ ನೀತಿ ತೆಗೆಯಬೇಡ, ಅದು ಎರಡೂ ಕಡೆ ಕಡಿಯುವ ಹಾವು” ಎಂದ. ಅವನ ವಾದ ಇದು. ಕೊಲಾಜೆನ್ನಿನ ಪ್ರತಿ ಮೂರನೆಯ ಮಣಿ ಗ್ಲೈಸೀನ್ ಆಗಿರಲೇಬೇಕು. ಹಗ್ಗದ ನಡುವೆ ಜಾಗ ಅಷ್ಟು ಇಕ್ಕಟ್ಟು, ಇಪ್ಪತ್ತರಲ್ಲಿ ಎಲ್ಲಕ್ಕಿಂತ ಚಿಕ್ಕದಾದ, ಪಕ್ಕಕ್ಕೆ ಒಂದು ಜಲಜನಕ ಬಿಟ್ಟು ಮತ್ತೇನೂ ಇಲ್ಲದ ಗ್ಲೈಸೀನಿಗೆ ಮಾತ್ರ ಅಲ್ಲಿ ಹಿಡಿಸುತ್ತದೆ. ಆ ಜಾಗದಲ್ಲಿ ಬೇರೊಂದು ಬಂದು ಕೂತರೆ ಹಗ್ಗ ಸಡಿಲವಾಗುತ್ತದೆ. ಹುಟ್ಟಿನಿಂದಲೇ ಮೂಳೆ ಮುರಿಯುತ್ತ ಹೋಗುವ ಕಾಯಿಲೆಯ ಎಷ್ಟೋ ಪ್ರಕರಣಗಳ ಮೂಲ ಇಂಥ ಒಂದೇ ಒಂದು ಬದಲಾವಣೆ. “ಈಗ ನಿಮ್ಮೂರ ಹಿರಿಯರು ಇದನ್ನು ಓದಿದರೆ ಏನನ್ನುತ್ತಾರೆ? ನೋಡಿ, ಯಾರು ಎಲ್ಲಿರಬೇಕೋ ಅಲ್ಲೇ ಇರಬೇಕು, ಚಿಕ್ಕವರು ಒಳಗೆ ಮುದುಡಿಕೊಂಡಿದ್ದರೇ ಮೂಳೆ ಗಟ್ಟಿ, ವಿಜ್ಞಾನವೂ ಅದನ್ನೇ ಹೇಳುತ್ತದೆ ಎನ್ನುತ್ತಾರೆ. ಆಗ ಏನು ಹೇಳುತ್ತಿ?”

ಎರಡು ದಿನ ನನಗೆ ಉತ್ತರ ಹೊಳೆಯಲಿಲ್ಲ. ಗ್ಲೈಸೀನಿಗೆ ಅನಿಸಿಕೆ ಇಲ್ಲ, ಮನುಷ್ಯರಿಗೆ ಇದೆ ಎಂಬುದು ನಿಜ, ಆದರೆ ಅದು ಹೋಲಿಕೆಯನ್ನು ತಪ್ಪಿಸಿಕೊಳ್ಳುವ ಉತ್ತರ. ಅವನು ಹೇಳಿದ್ದು ಸರಿಯೆಂದೇ ಈಗ ನನಗನ್ನಿಸುತ್ತದೆ. ಸುರುಳಿ ಹೇಗಿದೆ ಎಂಬುದರಿಂದ ಊರು ಹೇಗಿರಬೇಕು ಎಂದು ಹೇಳಲಾಗದು. ಪ್ರಕೃತಿಯನ್ನು ಸಾಕ್ಷಿಗೆ ಕರೆದವರಿಗೆಲ್ಲ ಅದು ಅವರವರ ಪರವಾಗಿ ಸಾಕ್ಷಿ ನುಡಿದಿದೆ. ಒಂದೇ ಸಮಾಧಾನ, ನಾನು ನೆಚ್ಚಿಕೊಂಡಿದ್ದು ಸುರುಳಿಯನ್ನಲ್ಲ, ಮದ್ರಾಸಿನ ಆ ಮೇಜನ್ನು. ಗ್ಲೈಸೀನ್ ಬಿಟ್ಟು ಬೇರೆಯದು ಅಲ್ಲಿ ಕೂಡದು ಎಂಬುದನ್ನು ಯಾರೋ ಹಿರಿಯರು ಹೇಳಿದರೆಂದು ನಾವು ನಂಬಿಲ್ಲ. ಬೇರೆಯದನ್ನು ಇಟ್ಟು ನೋಡಿದ್ದೇವೆ. ನಾನು ಹೇಳಿದ 1994ರ ಹರಳಿನಲ್ಲಿ ಬೇಕೆಂದೇ ಒಂದು ಗ್ಲೈಸೀನನ್ನು ತೆಗೆದು ಅಲನೀನ್ ಕೂರಿಸಿದ್ದರು, ಎಳೆಗಳು ಎಷ್ಟು ಸರಿದವು ಎಂದು ಅಳೆದರು. ಊರಿನ ಕೂಡದು ಮಾತ್ರ ಅಳೆಯಲು ಬಿಡುವುದಿಲ್ಲ. ಒಂದು ಮಗು ಗುಡಿಯೊಳಗೆ ಓಡಿ ಹೋದರೆ ಗುಡಿಗೆ ಏನಾಯಿತು ಎಂದು ನೋಡುವ ಮೊದಲೇ ದಂಡದ ಮಾತು ಶುರುವಾಗುತ್ತದೆ. ಹೋಲಿಕೆಯಲ್ಲಿ ಕೈಗೆ ಉಳಿಯುವುದು ಇಷ್ಟೇ, ಇದು ಕಡಿಮೆಯೆಂದು ನನಗನ್ನಿಸುವುದಿಲ್ಲ.

ನಕ್ಷೆಗೇ ಒಂದು ಒಳಗಿನ ಕಥೆಯಿದೆ. ಹೊಸ ರಚನೆಯೊಂದನ್ನು ಬಗೆಹರಿಸಿದಾಗ ಅದರ ಎಲ್ಲ ಮಣಿಗಳನ್ನೂ ನಕ್ಷೆಯ ಮೇಲೆ ಇಟ್ಟು ನೋಡುತ್ತೇವೆ. ಬಹುಪಾಲು ದ್ವೀಪಗಳಲ್ಲಿ ಬೀಳಬೇಕು. ಬಯಲಲ್ಲಿ ಬಿದ್ದರೆ ಸಾಮಾನ್ಯವಾಗಿ ನಾವು ತಪ್ಪಾಗಿ ಕಟ್ಟಿದ್ದೇವೆಂದು ಅರ್ಥ. ಸಾಮಾನ್ಯವಾಗಿ, ಯಾವಾಗಲೂ ಅಲ್ಲ. ಆಲ್ಫಾ-ಬೀಟಾ ಹೈಡ್ರೊಲೇಸ್ ಎಂಬ ದೊಡ್ಡ ಕುಟುಂಬದ ಕಿಣ್ವಗಳಲ್ಲಿ, ಕೆಲಸ ಮಾಡುವ ಮುಖ್ಯ ಮಣಿ ಒಂದು ಚೂಪು ತಿರುವಿನ ತುದಿಯಲ್ಲಿ, ಫೈ ಸುಮಾರು +60, ಸೈ ಸುಮಾರು −120ರಲ್ಲಿ ಕೂತಿರುತ್ತದೆ. ಬಯಲಿನಲ್ಲಿ. ಸುತ್ತಲಿನ ಇಡೀ ಕಟ್ಟಡ ಅದನ್ನು ಆ ಕಷ್ಟದ ಭಂಗಿಯಲ್ಲಿ ಹಿಡಿದಿಟ್ಟಿರುತ್ತದೆ, ಹಾಗೆ ಹಿಡಿದದ್ದರಿಂದಲೇ ಅದರ ಕೈ ಬಂದ ಅಣುವಿಗೆ ನೇರ ಎಟಕುತ್ತದೆ.

ನಮ್ಮ ನರಗಳಲ್ಲಿರುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಈ ಕುಟುಂಬದ್ದೇ. ಅದರ ರಚನೆ 1991ರಲ್ಲಿ, ವಿದ್ಯುತ್ ತೊರಕೆ ಮೀನಿನ ಕಿಣ್ವದಿಂದ ಮೊದಲ ಸಲ ಬಗೆಹರಿಯಿತು. ಅಲ್ಲಿನ ಸೀರೀನ್ ಎಂಬ ಮಣಿ ನರದಿಂದ ನರಕ್ಕೆ, ನರದಿಂದ ಸ್ನಾಯುವಿಗೆ ಹೋದ ಸಂಕೇತವನ್ನು ಕ್ಷಣಾರ್ಧದಲ್ಲಿ ಅಳಿಸುತ್ತದೆ. ಯಲಬುರ್ಗಾದ ಎರೆಹೊಲಗಳಲ್ಲಿ ಕಡಲೆಗೆ ಕಾಯಿಕೊರಕ ಬಿದ್ದಾಗ ನಮ್ಮವರು ‘ಎಣ್ಣಿ ಹೊಡಿಯೂದು’ ಎನ್ನುತ್ತಾರಲ್ಲ, ಆ ಕ್ವಿನಾಲ್‌ಫಾಸ್, ಕ್ಲೋರ್‌ಪೈರಿಫಾಸ್‌ಗಳು ಹೋಗಿ ಅಂಟಿಕೊಳ್ಳುವುದು ಇದೇ ಸೀರೀನಿಗೆ, ಹುಳದಲ್ಲೂ ಹೊಡೆಯುವವನಲ್ಲೂ. ಸಂಕೇತ ಅಳಿಯುವುದಿಲ್ಲ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈ ನಡುಕ, ಕೊನೆಗೆ ಉಸಿರು. ಪಂಪು ಬೆನ್ನಿಗೇರಿಸಿ ಮೂಗಿಗೆ ಟವೆಲ್ ಕಟ್ಟಿಕೊಂಡು ಸಾಲಿನಲ್ಲಿ ನಡೆಯುವವರನ್ನು ನೋಡುತ್ತ ಬೆಳೆದವಳಿಗೆ ನಕ್ಷೆಯ ಆ ಬಿಳಿ ಜಾಗದಲ್ಲಿರುವ ಒಂಟಿ ಚುಕ್ಕೆ ಬರೀ ಚುಕ್ಕೆಯಾಗಿ ಕಾಣುವುದಿಲ್ಲ. ಒಂದು ವೇಳೆ ನಿಯಮಕ್ಕೆ ಹೊಂದುವುದಿಲ್ಲವೆಂದು ಅದನ್ನು ಯಾರಾದರೂ ದ್ವೀಪದೊಳಗೆ ತಳ್ಳಿಬಿಟ್ಟಿದ್ದರೆ, ಕಿಣ್ವ ಹೇಗೆ ಕೆಲಸ ಮಾಡುತ್ತದೆ, ವಿಷ ಎಲ್ಲಿ ಕೂರುತ್ತದೆ ಎಂಬುದೇ ಮಸುಕಾಗುತ್ತಿತ್ತು.

ತಳ್ಳುವುದು ಈಗ ತುಂಬ ಸುಲಭ. ನಕ್ಷೆ ಇಷ್ಟು ಕಾಲ ಒಳ್ಳೆಯ ನ್ಯಾಯಾಧೀಶನಾಗಿದ್ದಕ್ಕೆ ಒಂದು ಕಾರಣ, ರಚನೆ ಕಟ್ಟುವ ಲೆಕ್ಕದಲ್ಲಿ ಅದಕ್ಕೆ ಕೈ ಇರಲಿಲ್ಲ. ಎಕ್ಸ್‌-ರೇ ದತ್ತಾಂಶಕ್ಕೆ ಹೊಂದುವಂತೆ ಕಟ್ಟುವುದು ಒಂದು ಕೆಲಸ, ಕಟ್ಟಿದ್ದು ನಂಬಲು ಯೋಗ್ಯವೇ ಎಂದು ನಕ್ಷೆಯನ್ನು ಕೇಳುವುದು ಇನ್ನೊಂದು. ಈಗಿನ ತಂತ್ರಾಂಶಗಳಲ್ಲಿ ಒಂದು ಗುಂಡಿ ಒತ್ತಿದರೆ ಕಟ್ಟುವಾಗಲೇ ಮಣಿಗಳನ್ನು ದ್ವೀಪಗಳಿಗೆ ಎಳೆಯಬಹುದು. ದತ್ತಾಂಶ ತೀರಾ ಮಸುಕಾಗಿದ್ದಾಗ ಅದಕ್ಕೆ ಸಮರ್ಥನೆ ಇದೆ, ಒಪ್ಪುತ್ತೇನೆ. ಆದರೆ ಆಮೇಲೆ ಅದೇ ನಕ್ಷೆಯನ್ನು ತೋರಿಸಿ ‘ನೋಡಿ, ಎಲ್ಲವೂ ಅನುಮತಿತ’ ಎನ್ನುವುದು ಪ್ರಶ್ನೆಪತ್ರಿಕೆಯನ್ನು ಮೊದಲೇ ನೋಡಿಕೊಂಡು ಬಂದವನಿಗೆ ಪ್ರಥಮ ದರ್ಜೆ ಕೊಟ್ಟಂತೆ. ‘ಹೀಗಿದೆ’ ಎಂದು ತಿಳಿಸುತ್ತಿದ್ದ ನಕ್ಷೆ ‘ಹೀಗಿರು’ ಎಂದು ಆಜ್ಞೆ ಮಾಡತೊಡಗುತ್ತದೆ. ಅಣುಗಳ ಲೋಕದಲ್ಲೂ ಕೂಡದು ಜಾರುವುದು ಹೀಗೆ, ಅದನ್ನು ಜಾರಿಸುವವರು ಓದಿದ ನಾವೇ.

ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು. ಅಲ್ಲಿಂದ ಮುಂದೆ ಅವರ ಮನಸ್ಸು ಪ್ರೋಟೀನುಗಳಿಂದ ತರ್ಕಶಾಸ್ತ್ರದ ಕಡೆಗೆ ಸರಿಯಿತು. 1980ರ ದಶಕದ ಆರಂಭದಲ್ಲಿ ‘ಸ್ಯಾದ್ ನ್ಯಾಯ’ ಎಂಬ ಹೆಸರಿನ ಗಣಿತೀಯ ತರ್ಕವೊಂದನ್ನು ಪ್ರಕಟಿಸಿದರು. ಹೆಸರು ಜೈನರ ಸ್ಯಾದ್ವಾದದ್ದು. ಅದರಲ್ಲಿ ಪ್ರತಿ ಹೇಳಿಕೆಗೂ ಎರಡು ಅಂಕಿಗಳ ಗುರುತು: ನಿಜಕ್ಕೆ 1 0, ಸುಳ್ಳಿಗೆ 0 1, ಎರಡೂ ಆಗಬಹುದಾದ ಸಂದೇಹಕ್ಕೆ 1 1, ಎರಡೂ ಆಗಲಾರದ ಅಸಂಭವಕ್ಕೆ 0 0. ಅವರ ಸಹೋದ್ಯೋಗಿಗಳಲ್ಲಿ ಅನೇಕರು ಈ ಕೆಲಸವನ್ನು ಅಷ್ಟಾಗಿ ಗಣಿಸಿದಂತೆ ಕಾಣುವುದಿಲ್ಲ. ತರ್ಕಶಾಸ್ತ್ರವಾಗಿ ಅದು ಎಷ್ಟು ಹೊಸದು ಎಂದು ತೂಗುವಷ್ಟು ನಾನು ಓದಿದವಳಲ್ಲ. ಆದರೆ ನನ್ನ ಜಿಲ್ಲೆಯ ಊರು ಕೊಪ್ಪಳ ಹಿಂದೆ ಕೊಪಣವೆಂಬ ಹೆಸರಾಂತ ಜೈನ ತೀರ್ಥವಾಗಿತ್ತು, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಸ್ಯಾತ್ ಎಂದರೆ ‘ಆಗಬಹುದು’, ‘ಒಂದು ನೋಟದಿಂದ’. ಅದರ ಮಾತು ಒಂದು ಕಾಲಕ್ಕೆ ಹಗಲಿರುಳು ಕೇಳಿಸುತ್ತಿದ್ದ ಬೆಟ್ಟದ ಸೀಮೆಯಲ್ಲಿ ಈಗ ‘ಆಗೂದಿಲ್ಲ’ ಎಂಬುದು ಇಷ್ಟು ಜೋರಾಗಿ ಕೇಳುವುದು ವಿಚಿತ್ರ. 1 1 ಎಂದು ಬರೆಯಬೇಕಾದಲ್ಲೆಲ್ಲ ನಾವು 0 0 ಎಂದು ಬರೆಯುತ್ತ ಬಂದಿದ್ದೇವೆ.

ನನ್ನ ಸ್ವಂತ ರಚನೆಯಲ್ಲೂ ಎರಡು ಚುಕ್ಕೆಗಳು ಬಯಲಲ್ಲಿವೆ. ಅದು ಮಣ್ಣಿನ ಬ್ಯಾಕ್ಟೀರಿಯಾ ಒಂದರ ಎಸ್ಟರೇಸ್. ಮೊದಲನೆಯದು ಆ ಕುಟುಂಬದ ಸೀರೀನ್, ಅದು ಅಲ್ಲೇ ಇರತಕ್ಕದ್ದು, ಯಾರೂ ಕೇಳುವುದಿಲ್ಲ. ಎರಡನೆಯದು 141ನೆಯ ಮಣಿ, ಎರಡು ಸುರುಳಿಗಳ ನಡುವಿನ ಕುಣಿಕೆಯಲ್ಲಿರುವ ಒಂದು ಆಸ್ಪರಜೀನ್. ಅದಕ್ಕೆ ಯಾವ ಕುಲಮರ್ಯಾದೆಯ ರಕ್ಷಣೆಯೂ ಇಲ್ಲ. ಇಲೆಕ್ಟ್ರಾನ್ ಸಾಂದ್ರತೆಯ ಚಿತ್ರದಲ್ಲಿ ಅದು ಬಯಲಿನ ಭಂಗಿಗೇ ಹೆಚ್ಚು ಹೊಂದುತ್ತದೆ, ಆದರೆ ಪ್ರಮಾಣ ಮಾಡಿ ಹೇಳುವಷ್ಟು ಸ್ಪಷ್ಟವಿಲ್ಲ. ಗುಂಡಿ ಒತ್ತಿದರೆ ಒಂದು ನಿಮಿಷದಲ್ಲಿ ಅದು ದ್ವೀಪದೊಳಗೆ ಬರುತ್ತದೆ, ಕೋಷ್ಟಕ ಚೊಕ್ಕಟವಾಗುತ್ತದೆ. ಮಾರ್ಗದರ್ಶಕರನ್ನು ಕೇಳಿದೆ. “ಎಳೆದರೂ ಯಾರೂ ಬೈಯುವುದಿಲ್ಲ, ಬಿಟ್ಟರೂ ಬೈಯುವುದಿಲ್ಲ. ನಿನಗೆ ಏನು ಕಾಣುತ್ತಿದೆ?” ಎಂದರು. ಕಂಡಿದ್ದನ್ನು ಹೇಳಿದೆ. ಹಾಗಾದರೆ ಇನ್ನೂ ಒಳ್ಳೆಯ ಹರಳು ಬೆಳೆಸು ಎಂದರು.

ಮೂರು ತಿಂಗಳಿಂದ ಬೆಳೆಸುತ್ತಿದ್ದೇನೆ. ಈ ಸಲದ ಹರಳುಗಳು ಸ್ವಲ್ಪ ದಪ್ಪಗಿವೆ, ಅಂಚುಗಳು ಚೂಪಾಗಿವೆ. ಬರುವ ತಿಂಗಳು ದ್ರವ ಸಾರಜನಕದ ಡಬ್ಬಿಯಲ್ಲಿಟ್ಟುಕೊಂಡು ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್‌ಗೆ ಒಯ್ಯಬೇಕು. ಅಲ್ಲಿಯವರೆಗೆ 141 ಇದ್ದಲ್ಲೇ ಇದೆ.